ಚಾವಣಿಯ ಪರವಾನಗಿ ಯಾರ ಹೆಸರಿನಲ್ಲಿರಬೇಕು?

ಮಾನ್ಯ ಸಂಪಾದಕರೇ,

ಅಮೆರಿಕದ ಫ್ಲೋರಿಡಾದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಬಿರುಗಾಳಿಯೊಂದು ಹಾದುಹೋದ ಮರುದಿನದಿಂದಲೇ ಚಾವಣಿ ಬದಲಿಸಿಕೊಡುವುದಾಗಿ ಹೇಳಿಕೊಂಡು ಮನೆಬಾಗಿಲಿಗೆ ಬರುವವರಲ್ಲಿ ಕೆಲವರು, ಕಟ್ಟಡ ಪರವಾನಗಿಯನ್ನು ಮಾಲೀಕರೇ ತಮ್ಮ ಹೆಸರಿನಲ್ಲಿ ಪಡೆದರೆ ಕೆಲಸ ಬೇಗ ಮುಗಿಯುತ್ತದೆ ಎಂದು ಪುಸಲಾಯಿಸುತ್ತಾರೆ. ಅಲ್ಲಿ ಸ್ವಂತ ಮನೆ ಹೊಂದಿರುವ ಕನ್ನಡಿಗರು ಈ ಮಾತಿಗೆ ಒಪ್ಪಬಾರದೆಂದು ತಿಳಿಸಲು ಈ ಪತ್ರ.

ಸ್ವಂತ ಮನೆಯ ಕೆಲಸವನ್ನು ತಾನೇ ಮಾಡಿಕೊಳ್ಳುವವನಿಗೆ ಗುತ್ತಿಗೆ ವೃತ್ತಿಗೆ ಬೇಕಾದ ಲೈಸೆನ್ಸ್‌ನಿಂದ ಅಲ್ಲಿನ ಕಾನೂನು ವಿನಾಯಿತಿ ಕೊಡುತ್ತದೆ, ನಿಜ. ಆದರೆ ಆ ಅರ್ಜಿಗೆ ಸಹಿ ಹಾಕಿದೊಡನೆ ಮಾಲೀಕನೇ ಗುತ್ತಿಗೆದಾರನ ಸ್ಥಾನದಲ್ಲಿ ನಿಲ್ಲುತ್ತಾನೆ. ಮೇಲ್ವಿಚಾರಣೆ, ನಿಯಮಪಾಲನೆ, ಕೆಲಸಗಾರ ಬಿದ್ದು ಗಾಯಗೊಂಡರೆ ಬರಬಹುದಾದ ಹೊಣೆ ಎಲ್ಲವೂ ಅವನ ತಲೆಗೆ ಬರುತ್ತವೆ. ಲೈಸೆನ್ಸ್ ಇರುವ ಗುತ್ತಿಗೆದಾರನಿಗೆ ತನ್ನ ಹೆಸರಿನಲ್ಲಿ ಪರವಾನಗಿ ಪಡೆಯಲು ಅಡ್ಡಿಯೇನೂ ಇರುವುದಿಲ್ಲವಾದ್ದರಿಂದ, ಹಾಗೆ ಮಾಡಲು ಹಿಂಜರಿಯುವವನ ಬಳಿ ಲೈಸೆನ್ಸ್ ಇದೆಯೇ ಎಂದು ಮೊದಲು ವಿಚಾರಿಸುವುದು ಲೇಸು. ತುರ್ತು ಪರಿಸ್ಥಿತಿ ಘೋಷಣೆಯಾಗಿರುವಾಗ ಲೈಸೆನ್ಸ್ ಇಲ್ಲದೆ ಗುತ್ತಿಗೆ ಹಿಡಿಯುವುದನ್ನು ಅಲ್ಲಿ ಗಂಭೀರ ಅಪರಾಧವೆಂದೇ ಪರಿಗಣಿಸಲಾಗುತ್ತದೆ.

ಪರವಾನಗಿ ಎಂದರೆ ಶುಲ್ಕ ವಸೂಲಿಯ ನೆಪ ಎಂದು ಗೊಣಗುವವರು 1992ರ ಆಗಸ್ಟ್ 24ರಂದು ಮಯಾಮಿಯ ದಕ್ಷಿಣ ಭಾಗಕ್ಕೆ ಅಪ್ಪಳಿಸಿದ ಆಂಡ್ರ್ಯೂ ಚಂಡಮಾರುತದ ನಂತರ ಕಂಡದ್ದನ್ನು ಗಮನಿಸಬೇಕು. ಹಾರಿಹೋದ ಚಾವಣಿಯ ಪ್ಲೈವುಡ್ ಹಲಗೆಗಳಲ್ಲಿ ಅನೇಕವಕ್ಕೆ ಹೊಡೆದಿದ್ದ ಸ್ಟೇಪಲ್‌ಗಳು ಕೆಳಗಿನ ಮರದ ತೊಲೆಗೆ ತಾಗದೆ ಪಕ್ಕದಲ್ಲಿ ಸುಮ್ಮನೆ ಇಳಿದಿದ್ದವು. ಮೇಲೆ ಶಿಂಗಲ್ (ಹೆಂಚಿನಂತೆ ಸಾಲಾಗಿ ಜೋಡಿಸುವ ತೆಳು ಹೊದಿಕೆ ತುಂಡುಗಳು) ಹೊದಿಸಿದ ನಂತರ ಇಂಥ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಅನುಭವದಿಂದ ರೂಪುಗೊಂಡು 2002ರಲ್ಲಿ ಜಾರಿಗೆ ಬಂದ ರಾಜ್ಯವ್ಯಾಪಿ ಕಟ್ಟಡ ಸಂಹಿತೆಯ ಅಡಿಯಲ್ಲಿ, ಹಳೆಯ ಮನೆಯ ಹೊದಿಕೆ ಕಿತ್ತಾಗ ಹಲಗೆಗಳಿಗೆ ಮತ್ತೆ ಮೊಳೆ ಹೊಡೆದು ಭದ್ರಪಡಿಸುವುದು, ಶಿಂಗಲ್ ಹಾರಿದರೂ ನೀರು ಒಳನುಗ್ಗದಂತೆ ಹಲಗೆಗಳ ಸಂದು ಮುಚ್ಚುವುದು ಮುಂತಾದ ಕೆಲಸಗಳನ್ನು ಮಾಡಬೇಕಾಗುತ್ತದೆ. ಹೊದಿಸುವ ಮೊದಲು ನಡೆಯುವ ತಪಾಸಣೆಯೇ ಪರವಾನಗಿಯ ಜೀವಾಳ. ಮಯಾಮಿ-ಡೇಡ್ ಮತ್ತು ಬ್ರೋವರ್ಡ್ ಕೌಂಟಿಗಳಲ್ಲಿ ಬಳಸುವ ಸಾಮಗ್ರಿಗೂ ಪ್ರತ್ಯೇಕ ಅನುಮೋದನೆ ಇರಬೇಕು.

ಚಾವಣಿಯ ಶೇ 25ಕ್ಕಿಂತ ಹೆಚ್ಚು ಭಾಗವನ್ನು 12 ತಿಂಗಳೊಳಗೆ ದುರಸ್ತಿ ಮಾಡಿದರೆ ಇಡೀ ಚಾವಣಿಯನ್ನೇ ಹೊಸ ಸಂಹಿತೆಗೆ ತಕ್ಕಂತೆ ಬದಲಿಸಬೇಕು ಎಂಬ ನಿಯಮವನ್ನು ಮುಂದಿಟ್ಟು ಹೆದರಿಸುವವರೂ ಇದ್ದಾರೆ. ಆದರೆ 2022ರ ತಿದ್ದುಪಡಿಯ ಪ್ರಕಾರ, 2007ರ ಸಂಹಿತೆ ಅಥವಾ ಅದರ ನಂತರದ ಸಂಹಿತೆಗೆ ಅನುಗುಣವಾಗಿ ನಿರ್ಮಿಸಿದ ಚಾವಣಿಯಲ್ಲಿ ದುರಸ್ತಿಯಾಗುವ ಭಾಗ ಮಾತ್ರ ಈಗಿನ ನಿಯಮಕ್ಕೆ ಒಳಪಟ್ಟರೆ ಸಾಕು.

ಹಣದ ವಿಷಯದಲ್ಲೂ ಎಚ್ಚರ ಬೇಕು. ಗುತ್ತಿಗೆದಾರನು ಸಾಮಗ್ರಿ ಮಾರಿದವರಿಗೆ ಹಣ ಕೊಡದಿದ್ದರೆ ಅವರು ಮನೆಯ ಮೇಲೆಯೇ ಹಕ್ಕು ಸಾಧಿಸಲು ಅವಕಾಶವಿರುವುದರಿಂದ, ಕಾಮಗಾರಿ ಆರಂಭದ ಅಧಿಕೃತ ನೋಟಿಸನ್ನು ನೋಂದಾಯಿಸಿ, ಪ್ರತಿ ಕಂತು ಕೊಡುವಾಗಲೂ ಹಕ್ಕು ಬಿಟ್ಟುಕೊಟ್ಟ ಪತ್ರವನ್ನು ಬರೆಸಿಕೊಳ್ಳಬೇಕು. ಅಂತಿಮ ತಪಾಸಣೆಯಾಗಿ ಪರವಾನಗಿ ಮುಕ್ತಾಯಗೊಂಡಿರುವುದನ್ನು ಕಟ್ಟಡ ಇಲಾಖೆಯ ದಾಖಲೆಯಲ್ಲಿ ನೋಡಿಕೊಳ್ಳದೆ ಕೊನೆಯ ಕಂತು ಕೊಡಬಾರದು. ಮುಕ್ತಾಯವಾಗದೆ ಉಳಿದ ಪರವಾನಗಿ ಮುಂದೆ ಮನೆ ಮಾರುವಾಗ ತೊಡಕಾಗುತ್ತದೆ. ಬಡಾವಣೆಯ ನಿವಾಸಿಗಳ ಸಂಘ ಶಿಂಗಲ್‌ನ ಬಣ್ಣಕ್ಕೆ ಕೊಡುವ ಒಪ್ಪಿಗೆಯನ್ನೇ ಪರವಾನಗಿ ಎಂದು ಭಾವಿಸುವವರಿದ್ದಾರೆ. ಅದು ಬೇರೆ, ಇದು ಬೇರೆ.

ಚಂಡಮಾರುತದ ನಂತರ ಅರ್ಜಿಗಳು ರಾಶಿ ಬಿದ್ದು ತಪಾಸಣೆಗೆ ಕಾಯಬೇಕಾಗುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಅದಕ್ಕೆ ತಪಾಸಕರ ಸಂಖ್ಯೆ ಹೆಚ್ಚಿಸುವುದು, ದೂರದಿಂದಲೇ ವಿಡಿಯೊ ಮೂಲಕ ಪರಿಶೀಲಿಸುವುದು ಪರಿಹಾರವೇ ಹೊರತು ತಪಾಸಣೆಯನ್ನೇ ಕೈಬಿಡುವುದಲ್ಲ. ಅಲ್ಲಿನ ಕನ್ನಡ ಸಂಘಗಳು ಜೂನ್‌ಗೆ ಮೊದಲೇ ಇಂಥ ಮಾಹಿತಿಯನ್ನು ತಮ್ಮ ಸದಸ್ಯರಿಗೆ ಕನ್ನಡದಲ್ಲಿ ತಲುಪಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಫ್ಲೋರಿಡಾ