ಪಿಟೀಲಿನ ಒಳಗಿನ ಕಡ್ಡಿ

ಕ್ರೆಮೋನಾ, ಇಟಲಿ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ.

ಅಮ್ಮ, ಹೋದ ವಾರ ಫೋನಿನಲ್ಲಿ ಕೇಳಿದೆಯಲ್ಲ, "ಕನಸು ಕನಸು ಅಂತ ಅಷ್ಟು ದೂರ ಹೋದೆ. ದೇವರು ದಿಂಡರು ನೆನಪಿದೆಯಾ?" ಅಂತ. ಆಗ "ಹೂಂ" ಅಂದು ಸುಮ್ಮನಾದೆ. ಆದರೆ ಆ ಮಾತು ಮನಸ್ಸಿನಲ್ಲೇ ಕೂತಿತು. ಅದಕ್ಕೇ ಈ ಪತ್ರ.

ಪಿಟೀಲಿನ ಒಳಗೆ ಒಂದು ಪುಟ್ಟ ಮರದ ಕಡ್ಡಿ ಇರುತ್ತದೆ, ಪೆನ್ಸಿಲ್‌ಗಿಂತ ಸ್ವಲ್ಪ ಸಪೂರ. ಮೇಲಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ನೆಟ್ಟಗೆ ನಿಂತಿರುತ್ತದೆ. ಅಂಟು ಹಾಕುವುದಿಲ್ಲ, ಬರೀ ಒತ್ತಡದ ಮೇಲೆ ನಿಲ್ಲುತ್ತದೆ. ಕೂದಲೆಳೆಯಷ್ಟು ಸರಿದರೂ ದನಿ ಬದಲಾಗುತ್ತದೆ. ಇಲ್ಲಿಯವರು ಅದನ್ನು 'ಆನಿಮಾ' ಅನ್ನುತ್ತಾರೆ. ಅಂದರೆ ಆತ್ಮ. ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಉಳಿ ಹಾಗೇ ನಿಂತುಬಿಟ್ಟಿತ್ತು.

ಒಂದು ನಿಜ ಹೇಳಬೇಕು. ನಾನು ಕೆಲಸ ಬಿಟ್ಟು ಪಿಟೀಲು ಮಾಡುವುದನ್ನು ಕಲಿಯಲು ಇಲ್ಲಿಗೆ ಬಂದಾಗ ಕಂಡ ಕನಸು ಬೇರೆ. ಪಿಟೀಲು ಮಾಡುವುದರಲ್ಲಿ ಹೆಸರಾದ ಸ್ಟ್ರಾಡಿವೇರಿ ಇದೇ ಊರಿನಲ್ಲಿ 1737ರಲ್ಲಿ ತೀರಿಕೊಂಡರು. ಅವರ ಪಿಟೀಲುಗಳ ಒಳಗೆ ಹೆಸರಿನ ಚೀಟಿ ಇರುತ್ತದೆ, ಜನ ಇವತ್ತಿಗೂ ಕಣ್ಣು ಕಿರಿದು ಮಾಡಿ ಓದುತ್ತಾರೆ. ನನಗೂ ಅಂಥದೊಂದು ಚೀಟಿ ಬೇಕಿತ್ತು. ಬಂದ ಮೊದಲ ತಿಂಗಳೇ ಅಂದವಾಗಿ ಬರೆದಿಟ್ಟುಕೊಂಡಿದ್ದೆ!

ಆ ಚೀಟಿಯ ಅವಸರವೇ ಮೊದಲ ಹಲಗೆಯನ್ನು ಕೆಡಿಸಿತು. ಪಕ್ಕದ ಹುಡುಗನ ಕೆಲಸ ನನಗಿಂತ ಮುಂದಿತ್ತು. ಅವನನ್ನೇ ನೋಡುತ್ತಾ ಕೀಸಿದೆ. ಮೂರು ಮಿಲಿಮೀಟರ್ ಇರಬೇಕಾದ ಕಡೆ ಹಲಗೆ ಕಾಗದದಂತಾಯಿತು. ವರ್ಷಗಟ್ಟಲೆ ಒಣಗಿಸಿಟ್ಟ ಸ್ಪ್ರೂಸ್ ಮರ ಅದು. ಆ ರಾತ್ರಿ ಅತ್ತೆ. ಮರಕ್ಕಾಗಿಯೋ, ನನಗಾಗಿಯೋ ಗೊತ್ತಾಗಲಿಲ್ಲ.

ಅಪ್ಪ, ಆಗ ನೀವು ಹೇಳುತ್ತಿದ್ದ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದ. ಅವಳು ಅದನ್ನು ತಂದಲ್ಲೇ ಸುರಿದು ಬಾ ಅಂದಳು. ಚಿಕ್ಕವಳಿದ್ದಾಗ, ಪಾಪ, ಅಷ್ಟು ದೂರ ಮತ್ತೆ ಯಾಕೆ ಕಳಿಸಿದಳು ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ನನ್ನ ಕನಸಿನಲ್ಲೂ ಜಾಸ್ತಿ ಅಕ್ಕಿ ಸೇರಿಕೊಂಡಿತ್ತು. ಹೆಸರು, ಹೊಗಳಿಕೆ, ಪಕ್ಕದವನಿಗಿಂತ ಮುಂದೆ ಇರಬೇಕೆಂಬ ಹಟ. ಪಿಟೀಲು ಮಾಡಲು ಅದ್ಯಾವುದೂ ಬೇಕಾಗಿರಲಿಲ್ಲ, ಅಲ್ವಾ?

ಎರಡನೇ ಹಲಗೆಯನ್ನು ನಿಧಾನವಾಗಿ ಹಿಡಿದೆ. ಸ್ವಲ್ಪ ಕೀಸುವುದು, ಬೆರಳಿನಿಂದ ತಟ್ಟಿ ಕೇಳುವುದು, ಮತ್ತೆ ಕೀಸುವುದು. ಮರ ಮೊದಲು ಮಂಕಾಗಿ ಉತ್ತರಿಸುತ್ತದೆ. ಆಮೇಲೆ ದನಿ ಬಿಡಿಸಿಕೊಳ್ಳುತ್ತದೆ. ಒಂದು ದಿನ ತಲೆ ಎತ್ತಿದಾಗ ಕತ್ತಲಾಗಿತ್ತು. ಅಷ್ಟು ಹೊತ್ತು ನಾನು ಅನ್ನುವುದು ಅಲ್ಲಿ ಇರಲೇ ಇಲ್ಲ ಅಮ್ಮ, ಬರೀ ಕೇಳುವ ಕಿವಿ ಇತ್ತು. ನೀನು ಜಪ ಮುಗಿಸಿ ಎದ್ದಾಗ ಮುಖದಲ್ಲಿ ಇರುತ್ತಿದ್ದ ಆ ಕಳೆ ಎಲ್ಲಿಂದ ಬರುತ್ತಿತ್ತು ಅಂತ ಅವತ್ತು ತಿಳಿಯಿತು. ಹಾಗಂತ ದಿನಾ ಹೀಗೇ ಆಗುವುದಿಲ್ಲ. ಎಷ್ಟೋ ದಿನ ಮನಸ್ಸು ಹಳೇ ಲೆಕ್ಕಕ್ಕೇ ಓಡುತ್ತದೆ.

ನಿನ್ನೆ ನನ್ನ ಮೊದಲ ಪಿಟೀಲಿಗೆ ಆನಿಮಾ ನಿಲ್ಲಿಸಿದೆ. ಬಾಗಿದ ಕಬ್ಬಿಣದ ಸಲಾಕೆಯ ತುದಿಗೆ ಚುಚ್ಚಿ, ಮೇಲಿನ ಹಲಗೆಯ ಸೀಳಿನಿಂದ ಒಳಗೆ ಇಳಿಸಬೇಕು. ಹನ್ನೊಂದು ಸಲ ಬಿತ್ತು. ಹನ್ನೆರಡನೇ ಸಲ ನಿಂತಿತು. ಸರಿಯಾಗಿ ನಿಂತಿದೆಯಾ ಅಂತ ದೀಪ ಹಿಡಿದು ಒಳಗೆ ಬಗ್ಗಿ ನೋಡಿದೆ. ಆಗ ಗೊತ್ತಾಯಿತು, ಪೆಟ್ಟಿಗೆ ಮುಚ್ಚುವ ಮೊದಲು ನನ್ನ ಹೆಸರಿನ ಚೀಟಿ ಅಂಟಿಸುವುದೇ ಮರೆತುಹೋಗಿದೆ. ಸೀಳಿನಿಂದ ಈಗಲೂ ಹಾಕಬಹುದು. ಚೀಟಿ ಮೇಜಿನ ಖಾನೆಯಲ್ಲೇ ಇದೆ.

ತಂತಿ ಕಟ್ಟಿದ ಮೇಲೆ ಫೋನ್ ಮಾಡುತ್ತೇನೆ. ಇಬ್ಬರೂ ಕೇಳಬೇಕು.

ನಿಮ್ಮ ಮಗಳು