ಅಪ್ಪನ ಹಟವಲ್ಲ, ಮಾತ್ರೆ ಇಳಿದ ಹೊತ್ತು

ಚಿರಂಜೀವಿಗೆ ಅತ್ತೆಯ ಆಶೀರ್ವಾದಗಳು.

ಕಾಗದ ಓದಿದೆ. ಹತ್ತು ಗಂಟೆಗೆ ತಾವೇ ಅಂಗಿಯ ಗುಂಡಿ ಹಾಕಿಕೊಳ್ಳುವ ಅಪ್ಪ ಹನ್ನೆರಡಕ್ಕೆ ನೀರಿನ ಲೋಟವನ್ನೂ ಎತ್ತುವುದಿಲ್ಲ, ಬೇಕೆಂದೇ ಸತಾಯಿಸುತ್ತಾರೆ ಎಂದು ಬರೆದಿದ್ದೀಯೆ. ನನ್ನ ತಮ್ಮ ಚಿಕ್ಕಂದಿನಿಂದಲೂ ಹಟಮಾರಿ, ಅದಕ್ಕೆ ನಾನೇ ಸಾಕ್ಷಿ. ಆದರೆ ಇದು ಹಟವಲ್ಲ. ಮಾತ್ರೆಯ ಬಲ ಇಳಿದ ಹೊತ್ತು.

ನಿನ್ನ ಅಪ್ಪನಿಗಿರುವ ಪಾರ್ಕಿನ್ಸನ್ ಕಾಯಿಲೆಯಲ್ಲಿ, ಮೈಯ ಚಲನೆಗೆ ಬೇಕಾದ ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಕೋಶಗಳು ನಶಿಸುತ್ತಾ ಹೋಗುತ್ತವೆ. ಅವನು ನುಂಗುವ ಲೆವೊಡೋಪಾ ಮಿದುಳನ್ನು ಸೇರಿ ಡೋಪಮೀನ್ ಆಗುತ್ತದೆ. ಮೊದಮೊದಲು ಅಳಿದುಳಿದ ಕೋಶಗಳು ಅದನ್ನು ಕೂಡಿಟ್ಟುಕೊಂಡು ನಿಧಾನವಾಗಿ ಬಳಸುತ್ತವೆ. ವರ್ಷಗಳು ಕಳೆದಂತೆ ಆ ಶಕ್ತಿ ಕುಂದಿ, ಮುಂದಿನ ಮಾತ್ರೆಗೆ ಮೊದಲೇ ಹಿಂದಿನದರ ಪರಿಣಾಮ ಮುಗಿದಿರುತ್ತದೆ. ಮಾತ್ರೆಯ ಬಲ ಇರುವ ಹೊತ್ತನ್ನು ವೈದ್ಯರು ‘ಆನ್’, ಇಳಿದ ಹೊತ್ತನ್ನು ‘ಆಫ್’ ಎನ್ನುತ್ತಾರೆ. ಸ್ನಾನ, ನಡಿಗೆ, ವ್ಯಾಯಾಮ, ಹೊರಗಿನ ಓಡಾಟ ಎಲ್ಲವನ್ನೂ ‘ಆನ್’ ಇರುವ ಹೊತ್ತಿಗೆ ಇಟ್ಟುಕೋ. ಆ ಹೊತ್ತಿನಲ್ಲಿ ಗುಂಡಿಯನ್ನು ಅವನೇ ಹಾಕಿಕೊಳ್ಳಲಿ, ಕಾಲು ಗಂಟೆಯಾದರೂ ಆಗಲಿ, ನಿನ್ನ ಕೈ ತಡೆದುಕೋ. ‘ಆಫ್’ ಆದಾಗ ಮಾತ್ರ ಏನನ್ನೂ ಒತ್ತಾಯಿಸಬೇಡ.

ಒಂದು ನೋಟ್‌ಬುಕ್ ಇಡು. ಮಾತ್ರೆ ನುಂಗಿದ್ದು ಎಷ್ಟಕ್ಕೆ, ಮೈ ಸಡಿಲವಾದದ್ದು ಎಷ್ಟಕ್ಕೆ, ಮತ್ತೆ ಬಿಗಿದದ್ದು ಎಷ್ಟಕ್ಕೆ, ಊಟ ಯಾವಾಗ ಎಂದು ಬರೆದಿಡು. ಮೈ ತಾನಾಗಿ ಬಳುಕಾಡುವುದು ಕಂಡರೆ ಅದನ್ನೂ ಬರೆ, ಅದು ಔಷಧ ಹೆಚ್ಚಾದ ಹೊತ್ತಿನ ಲಕ್ಷಣವಿರಬಹುದು. ನಿನ್ನ ಮಾವನನ್ನು ನೋಡಿಕೊಂಡ ವರ್ಷಗಳಲ್ಲಿ ನರರೋಗ ತಜ್ಞರು ನನ್ನ ಮಾತಿಗಿಂತ ಆ ನೋಟ್‌ಬುಕ್ಕನ್ನೇ ಹೆಚ್ಚು ನೆಚ್ಚುತ್ತಿದ್ದರು. ಡೋಸ್ ಬದಲಿಸುವುದು ಅವರ ಕೆಲಸ, ನೀನು ಕೈ ಹಾಕಬೇಡ.

ಲೆವೊಡೋಪಾವನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ ಇಲ್ಲವೇ ಊಟವಾಗಿ ಒಂದು ಗಂಟೆಯ ಮೇಲೆ ಕೊಡುತ್ತಾರೆ, ಏಕೆಂದರೆ ಊಟದ ಪ್ರೋಟೀನ್ ಅದರ ದಾರಿಗೆ ಅಡ್ಡ ಬರುತ್ತದೆ. ಹಾಗೆಂದು ಪ್ರೋಟೀನನ್ನೇ ನಿಲ್ಲಿಸಬೇಡ, ಮೊದಲೇ ತೂಕ ಇಳಿಯುವ ಕಾಯಿಲೆ ಇದು. ಕಬ್ಬಿಣಾಂಶದ ಮಾತ್ರೆ ಇದ್ದರೆ ಇದರ ಜೊತೆಗೆ ಬೇಡ, ಎರಡರ ನಡುವೆ ಎಷ್ಟು ಅಂತರ ಬೇಕೆಂದು ಕೇಳು. ಮಲಬದ್ಧತೆಯನ್ನೂ ಸಣ್ಣದೆಂದು ಬಿಡಬೇಡ.

ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿದಂತಾಗುತ್ತದೆ ಎಂದೆಯಲ್ಲ, ಆಗ ಕೈ ಹಿಡಿದು ಎಳೆಯಬೇಡ. ಎಳೆದರೆ ಮೈ ಮುಂದಕ್ಕೆ ಬರುತ್ತದೆ, ಕಾಲು ಅಲ್ಲೇ ಇರುತ್ತದೆ. ನಿಲ್ಲಲು ಹೇಳು, ಉಸಿರಾಡಲಿ, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕಲಿ, ಆಮೇಲೆ ‘ಒಂದು, ಎರಡು’ ಎಂದು ಎಣಿಸು. ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿ ಅದನ್ನು ದಾಟಲು ಹೇಳಿದರೂ ಅನೇಕರ ಕಾಲು ಏಳುತ್ತದೆ. ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಯದೆ ಅಗಲವಾಗಿ ಸುತ್ತಿ ಬರಲಿ. ನಡೆಯುತ್ತಿರುವಾಗ ಮಾತಿಗೆ ಎಳೆಯಬೇಡ. ಹಾಸಿಗೆಯಿಂದ ಎದ್ದೊಡನೆ ರಕ್ತದೊತ್ತಡ ಕುಸಿಯಬಹುದು, ಸ್ವಲ್ಪ ಹೊತ್ತು ಅಂಚಿನಲ್ಲಿ ಕುಳಿತಿದ್ದು ಏಳಲಿ.

ಇನ್ನು ಮುಂದಿನದನ್ನು ಕಾಗದದಲ್ಲಿ ಬರೆದು ಮಾತ್ರೆಯ ಡಬ್ಬಿಯ ಜೊತೆಗೇ ಇಡು. ವಾಂತಿಗೆಂದು ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಗಲಿಬಿಲಿಗೆಂದು ಹ್ಯಾಲೊಪೆರಿಡಾಲ್ ಕೊಡಲು ಯಾರಾದರೂ ಬಂದರೆ ಪಾರ್ಕಿನ್ಸನ್ ಇದೆ ಎಂದು ಹೇಳಿ ತಡೆ. ಅವು ಡೋಪಮೀನಿನ ಕೆಲಸವನ್ನೇ ತಡೆಯುತ್ತವೆ. ಬೇರೆ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿದರೂ ಅವನ ಮಾತ್ರೆಗಳು ಅವನ ಹೊತ್ತಿಗೇ ಸಿಗಬೇಕು, ವಾರ್ಡಿನ ಹೊತ್ತಿಗಲ್ಲ. ಲೆವೊಡೋಪಾ ತಟ್ಟನೆ ನಿಂತರೆ ಮೈ ಮರಗಟ್ಟಿ, ಜ್ವರ ಏರಿ, ಪ್ರಾಣಕ್ಕೇ ಕುತ್ತು ಬರಬಹುದು. ಇಲ್ಲಿ ಸಂಕೋಚ ಬೇಡ, ಜಗಳಗಂಟ ಎನ್ನಿಸಿಕೊಂಡರೂ ಸರಿ.

ಡೋಪಮೀನಿನಂತೆಯೇ ಕೆಲಸ ಮಾಡುವ ಪ್ರಾಮಿಪೆಕ್ಸೋಲ್ ಮಾತ್ರೆ ಕೂಡ ಇದೆ ಎಂದು ಬರೆದಿದ್ದೀಯೆ. ಆ ಗುಂಪಿನ ಔಷಧಗಳಿಂದ ಕೆಲವರಿಗೆ ಜೂಜು, ಅತಿಯಾದ ಖರೀದಿ, ತಿನ್ನುವ ಚಪಲ ಹತ್ತಿಕೊಳ್ಳುತ್ತದೆ. ಅವನ ಮೊಬೈಲ್ ಮೇಲೆ ಕಾವಲು ಕೂರಬೇಡ, ಆದರೆ ದುಡ್ಡಿನ ವ್ಯವಹಾರದಲ್ಲಿ ಹೊಸ ಹುಚ್ಚು ಕಂಡರೆ, ಅಥವಾ ಇಲ್ಲದ ಜನ ಅವನ ಕಣ್ಣಿಗೆ ಕಂಡರೆ, ಬೈಯದೆ ವೈದ್ಯರಿಗೆ ಹೇಳು.

ಮುಖದಲ್ಲಿ ನಗುವೇ ಇಲ್ಲ, ನಾನು ಮಾಡಿದ್ದು ಯಾವುದೂ ಹಿಡಿಸುವುದಿಲ್ಲ ಎಂಬ ನಿನ್ನ ಸಾಲು ಓದಿ ಸಂಕಟವಾಯಿತು. ಮುಖದ ಸ್ನಾಯುಗಳೂ ಬಿಗಿದಿವೆಯಪ್ಪ, ಒಳಗೆ ನಕ್ಕದ್ದು ಹೊರಗೆ ಬರುವುದಿಲ್ಲ. ದನಿ ತಗ್ಗಿದ್ದೂ ಅವನಿಗೆ ತಿಳಿಯುವುದಿಲ್ಲ, ಸರಿಯಾಗಿಯೇ ಮಾತಾಡುತ್ತಿದ್ದೇನೆ ಎಂದುಕೊಂಡಿರುತ್ತಾನೆ. ಟಿವಿ ಆರಿಸಿ ಎದುರು ಕುಳಿತು ಕೇಳು. ಮೆಚ್ಚಿಕೆಯಾಯಿತೇ ಎಂದು ನೇರವಾಗಿಯೇ ಕೇಳು. ಆದರೆ ಖಿನ್ನತೆಯೂ ಈ ಕಾಯಿಲೆಯ ಭಾಗ, ದಿನಗಟ್ಟಲೆ ಯಾವುದೂ ಬೇಡವೆಂದರೆ ಬರೀ ಮುಖದ ಬಿಗಿತ ಎಂದುಕೊಳ್ಳಬೇಡ.

ರಾತ್ರಿ ಕನಸಿನಲ್ಲಿ ಕೂಗಿ ಕೈಕಾಲು ಬೀಸುವುದೂ ಇದರದೇ ಒಂದು ಮುಖ, ಅದಕ್ಕೂ ಚಿಕಿತ್ಸೆ ಇದೆ. ಮಂಚದ ಪಕ್ಕದ ಮೊನಚು ಸಾಮಾನು ಸರಿಸು. ನೀನಂತೂ ನಿದ್ದೆಯಿಲ್ಲದೆ ಹೀಗೆ ಬಹಳ ದಿನ ನಡೆಸಲಾರೆ. ನಿನ್ನ ತಂಗಿಗೆ ಬೇರೆಯೇ ಕಾಗದ ಬರೆದಿದ್ದೇನೆ, ವಾರದಲ್ಲಿ ಎರಡು ರಾತ್ರಿ ಅವಳು ಬಂದಿರಲಿ, ನೀನು ಬಾಗಿಲು ಹಾಕಿಕೊಂಡು ಮಲಗು. ಅವಳು ನೆಪ ಹೇಳಿದರೆ ನನಗೆ ಫೋನ್ ಮಾಡು.

ಇಂತಿ,
ನಿನ್ನ ಅತ್ತೆ