ಇಂಥ ಚಿತ್ರಕ್ಕೆ ಮೊದಲು ಐದು ನಿಮಿಷದ ಪೀಠಿಕೆ ಇರಲಿ

ಮಾನ್ಯರೇ,

ಕನಸು-ವಾಸ್ತವ ಬೆರೆತ ವಿಡಂಬನೆಯ ಚಿತ್ರಗಳನ್ನು ನಮ್ಮ ಬಳ್ಳಾರಿಯಂಥ ಊರುಗಳಲ್ಲಿ ತೋರಿಸಿದಾಗ ಪ್ರೇಕ್ಷಕರು ಇಬ್ಭಾಗವಾಗುತ್ತಾರೆ. ಒಂದು ಪಾಲು ನಗುತ್ತದೆ, ಇನ್ನೊಂದು ಪಾಲು ‘ಕತೆಯೇ ಇಲ್ಲ’ ಎಂದು ಎದ್ದು ಹೋಗುತ್ತದೆ. ಎದ್ದು ಹೋದವರಿಗೆ ಅಭಿರುಚಿ ಇಲ್ಲವೆಂದು ದೂರುವುದು ತಪ್ಪು.

ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಅವರ 1972ರ, ಆಸ್ಕರ್ ಪಡೆದ ಫ್ರೆಂಚ್ ಚಿತ್ರ ‘ದಿ ಡಿಸ್ಕ್ರೀಟ್ ಚಾರ್ಮ್ ಆಫ್ ದಿ ಬೂರ್ಜ್ವಾಸಿ’ಯನ್ನೇ ನೋಡಿ. ಆರು ಮಂದಿ ಸಿರಿವಂತರು ಒಟ್ಟಿಗೆ ಊಟಕ್ಕೆ ಕೂರಲು ಹೊರಡುತ್ತಾರೆ. ಪ್ರತಿ ಸಲವೂ ವಿಘ್ನ. ಹೋಟೆಲಿಗೆ ಹೋದರೆ ಪಕ್ಕದ ಕೋಣೆಯಲ್ಲೇ ಮಾಲೀಕನ ಶವ. ಮತ್ತೊಂದು ಮನೆಯಲ್ಲಿ ಊಟಕ್ಕೆ ಕೂತಾಗ ಪರದೆ ಸರಿಯುತ್ತದೆ, ನೋಡಿದರೆ ಅವರಿರುವುದು ರಂಗದ ಮೇಲೆ! ಆಡಬೇಕಾದ ಮಾತು ನೆನಪಿಲ್ಲ. ಅದು ಒಬ್ಬನ ಕನಸು. ಆ ಕನಸೂ ಇನ್ನೊಬ್ಬನ ಕನಸಿನೊಳಗಿನದು. ನಮ್ಮ ಚಿತ್ರಗಳು ಫ್ಲ್ಯಾಶ್‌ಬ್ಯಾಕಿಗೆ ಮಸುಕು ದೃಶ್ಯ, ಬೇರೆ ಸಂಗೀತ ಕೊಟ್ಟು ಮೊದಲೇ ಸೂಚಿಸುತ್ತವೆ. ಇಲ್ಲಿ ಆ ಸುಳಿವಿಲ್ಲದ್ದರಿಂದ ಎಳೆ ತಪ್ಪುತ್ತದೆ. ಇಂಗ್ಲಿಷ್ ಅಡಿಬರಹ ಓದುವಷ್ಟರಲ್ಲಿ ದೃಶ್ಯ ಮುಗಿದಿರುತ್ತದೆ. ನಡುವೆ ಇಂಟರ್‌ವಲ್ ಬಿಟ್ಟರಂತೂ ಕೆಟ್ಟಿತು.

ಬಯಲಾಟದಲ್ಲಿ ಸಾರಥಿ ಬಂದು ಪಾತ್ರವನ್ನು ಮಾತಾಡಿಸಿ ಪರಿಚಯಿಸುವುದನ್ನು ಕಂಡ ಸೀಮೆ ನಮ್ಮದು. ಆದ್ದರಿಂದ ಸಂಘಟಕರು ಚಿತ್ರಕ್ಕೆ ಮೊದಲು ಕನ್ನಡದಲ್ಲಿ ಐದು ನಿಮಿಷ ಮಾತಾಡಲಿ, ಪಾತ್ರಗಳ ಹೆಸರಿರುವ ಒಂದು ಪುಟದ ಕರಪತ್ರ ಹಂಚಲಿ. ಕನಸುಗಳ ಗುಟ್ಟು ಮಾತ್ರ ಬಿಟ್ಟುಕೊಡಬಾರದು. ಸುಮಾರು 100 ನಿಮಿಷದ ಚಿತ್ರವನ್ನು ಇಂಟರ್‌ವಲ್ ಇಲ್ಲದೆ ತೋರಿಸಿ, ಕೊನೆಗೆ ಅರ್ಧ ಗಂಟೆ ಚರ್ಚೆಗೆ ಇಡಲಿ. ಇಷ್ಟವಾಗದವರಿಗೇ ಮೊದಲು ಮೈಕ್ ಕೊಡಲಿ.

– ಓದುಗ, ಬಳ್ಳಾರಿ